ನಮ್ಮ ಮಕ್ಕಳು ಕೆಟ್ಟುಹೋದರೇ?

(ದಾವಣಗೆರೆಯಲ್ಲಿ ಮಿಲ್ ಕಾರ್ಮಿಕರೂ ಸಣ್ಣ ವ್ಯಾಪಾರಸ್ಥರೂ ಸೇರಿದ್ದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಇಂದು ಮಾತನಾಡಬೇಕಾದ ವಿಷಯ 'ಹೊಸ ಪೀಳಿಗೆಯ ನಡೆನುಡಿ' ಎಂದು ಕರಪತ್ರದಲ್ಲಿ ಅಚ್ಚಾಗಿದೆ. ಈ ವಿಷಯವನ್ನು ಗೊತ್ತುಮಾಡಿದವರು ನಾವಲ್ಲ, ನೀವೇ. ಕೂಲಿಯ ವಿಚಾರಕ್ಕೆ ಸಭೆ ಕರೆದರೂ ಸರಿ, ತೆರಿಗೆಯ ವಿಚಾರಕ್ಕೆ ಕರೆದರೂ ಸರಿ, ಮುಗಿಯುವ ಹೊತ್ತಿಗೆ ಮಾತು ಬಂದು ನಿಲ್ಲುವುದು ಮನೆಯ ಮಕ್ಕಳ ಮೇಲೆಯೇ. ಒಬ್ಬರು ಆರಂಭಿಸಿದರೆ ಸಾಕು, ಮಂಡಿಪೇಟೆಯವರೂ ಮಿಲ್ಲಿನವರೂ ಒಂದೇ ದನಿಯಲ್ಲಿ ಸೇರಿಕೊಳ್ಳುತ್ತಾರೆ. ಬೇರೆ ಯಾವ ವಿಷಯದಲ್ಲಿಯೂ ನಮ್ಮ ಊರಿನ ವ್ಯಾಪಾರಸ್ಥರಿಗೂ ಕಾರ್ಮಿಕರಿಗೂ ಇಷ್ಟು ಒಮ್ಮತ ಬಂದುದನ್ನು ನಾವು ಕಂಡಿಲ್ಲ.

ಕೇಳಿದ ದೂರುಗಳನ್ನೆಲ್ಲ ಒಟ್ಟುಮಾಡಿದರೆ ಅವು ಐದು. ಹುಡುಗ ಒಂದು ಕೆಲಸದಲ್ಲಿ ನಿಲ್ಲುವುದಿಲ್ಲ. ಕೈಯಿಂದ ಫೋನು ಇಳಿಯುವುದಿಲ್ಲ. ಬಂದ ಹಣ ಬಂದ ಹಾಗೆಯೇ ಖರ್ಚಾಗುತ್ತದೆ. ಸಂಘ ಎಂದರೆ ಮೂಗು ಮುರಿಯುತ್ತಾನೆ. ಮಗಳಿಗೆ ಮದುವೆಯ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಾಳೆ. ಈ ಐದನ್ನೂ ಒಂದೊಂದಾಗಿ ತೆಗೆದುಕೊಂಡು ವಿಚಾರ ಮಾಡೋಣ.

ನಾವು ಇನ್ನೂ ಮೂವತ್ತರ ಹರೆಯದಲ್ಲಿರುವವರು. ಮೆಟ್ರಿಕ್ ಮುಗಿಸಿ ಮೇಷ್ಟ್ರಾಗಿ, ಆಮೇಲೆ ಪಕ್ಷದ ಕೆಲಸಕ್ಕೆ ಬಂದವರು. ಆ ಕಡೆ ನಿಮ್ಮ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟಿದ್ದೇವೆ, ಈ ಕಡೆ ನಿಮ್ಮ ಜೊತೆ ಗೇಟಿನ ಮುಂದೆ ಕುಳಿತಿದ್ದೇವೆ. ನೀವು ಅವರ ಮೇಲೆ ಹೇಳುವುದನ್ನೂ ಕೇಳುತ್ತೇವೆ, ಅವರು ನಿಮ್ಮ ಮೇಲೆ ಹೇಳುವುದನ್ನೂ ಕೇಳುತ್ತೇವೆ. ಆದ್ದರಿಂದ ಇಲ್ಲಿ ಯಾರ ವಕೀಲಿಯನ್ನೂ ಮಾಡಲು ನಿಂತಿಲ್ಲ.

ಅಭ್ಯಾಸ ಬೇರೆ, ಮೌಲ್ಯ ಬೇರೆ

ಮೊದಲು ಒಂದು ಮಾತನ್ನು ಸ್ಪಷ್ಟಮಾಡಿಕೊಳ್ಳಬೇಕು. ಅಭ್ಯಾಸ ಬೇರೆ, ಮೌಲ್ಯ ಬೇರೆ. ಬೆಳಗಿನ ಜಾವ ಏಳುವುದು ಮಿಲ್ಲಿನವರ ಅಭ್ಯಾಸವಾಗಿತ್ತು. ಏಕೆ? ಮೊದಲ ಪಾಳಿಯ ಸೈರನ್ ಕೂಗುತ್ತಿತ್ತು, ಗೇಟು ಮುಚ್ಚಿದರೆ ಆ ದಿನದ ಕೂಲಿ ಹೋಗುತ್ತಿತ್ತು. ಸೈರನ್ ನಿಂತ ಮೇಲೆ ಆ ಅಭ್ಯಾಸವೂ ಹೋಯಿತು. ಆದರೆ ಪಕ್ಕದವನ ಬೆರಳು ಯಂತ್ರಕ್ಕೆ ಸಿಕ್ಕಾಗ ಇಡೀ ಖಾತೆಯವರು ಕೆಲಸ ನಿಲ್ಲಿಸಿ ಓಡಿಬರುತ್ತಿದ್ದರಲ್ಲ, ಅದು ಮೌಲ್ಯ. ಸೈರನ್ ನಿಂತ ಮಾತ್ರಕ್ಕೆ ಅದು ಹೋಗಬೇಕಾಗಿಲ್ಲ. ಮಕ್ಕಳನ್ನು ನೋಡುವಾಗ ನಾವು ಅಭ್ಯಾಸವನ್ನು ಕಂಡು ಮೌಲ್ಯ ಸತ್ತಿತೆಂದು ತೀರ್ಮಾನ ಮಾಡಿಬಿಡುತ್ತೇವೆ. ತಲೆಗೂದಲು ನೋಡಿ ತಲೆಯೊಳಗೆ ಏನಿದೆ ಎಂದು ಹೇಳಲು ಹೊರಡುತ್ತೇವೆ.

ಹಿಂದಿನದನ್ನು ಸ್ವಲ್ಪ ನೆನೆಸಿಕೊಳ್ಳಿ. ನಿಮ್ಮ ಅಪ್ಪ ಅಥವಾ ಅಜ್ಜ ಹೊಲ ಬಿಟ್ಟು ಮಿಲ್ಲಿಗೆ ಬಂದ ಕಾಲದಲ್ಲಿ ಹಳ್ಳಿಯ ಹಿರಿಯರು ಏನೆನ್ನುತ್ತಿದ್ದರು? ಹುಡುಗ ಕ್ರಾಪು ಬಿಟ್ಟ, ಹೋಟೆಲಿನಲ್ಲಿ ಚಹಾ ಕುಡಿದ, ಟೆಂಟಿನ ಸಿನಿಮಾ ನೋಡಿದ, ಜಾತಿ ಕೆಟ್ಟ ಎಂದು. ಮನೆಯಲ್ಲಿ ಮಜ್ಜಿಗೆ ಇರುವಾಗ ಕಾಸು ಕೊಟ್ಟು ಬಿಸಿನೀರು ಕುಡಿಯುವವನು ಉದ್ಧಾರವಾಗುವುದುಂಟೇ ಎಂದು. ಆದರೆ ಅದೇ ಹೋಟೆಲಿನ ಬೆಂಚಿನ ಮೇಲೆ, ಹಳ್ಳಿಯಲ್ಲಿ ಒಂದೇ ಜಗಲಿಯ ಮೇಲೆ ಕೂಡಲಾಗದ ನಾಲ್ಕು ಜಾತಿಯವರು ಒಟ್ಟಿಗೆ ಕುಳಿತು ಮಂಡಕ್ಕಿ ಮೆಣಸಿನಕಾಯಿ ತಿಂದರು. ಆ ಬೆಂಚಿನಿಂದಲೇ ಸಂಘ ಎದ್ದಿತು. ಹಿರಿಯರು ಬೈದ ಅಭ್ಯಾಸದ ಒಳಗೆ ಒಂದು ಹೊಸ ಮೌಲ್ಯ ಮೊಳಕೆಯೊಡೆದಿತ್ತು. ಇಂದಿನ ಹುಡುಗರ ಅಭ್ಯಾಸದ ಒಳಗೂ ಅಂಥದೇನಾದರೂ ಇದೆಯೇ ಎಂದು ಹುಡುಕುವುದು ನಮ್ಮ ಕೆಲಸ. ಇಲ್ಲದಿದ್ದರೆ ಇಲ್ಲವೆಂದೇ ಹೇಳೋಣ.

ಒಂದು ಕಡೆ ನಿಲ್ಲುವುದಿಲ್ಲ ಎಂಬ ದೂರು

ಹಿಂದಿನ ಮಿಲ್ ಕಾರ್ಮಿಕ ಬದಲಿಯಾಗಿ ಸೇರಿ, ಖಾಯಂ ಆಗಿ, ಮೂವತ್ತು ವರ್ಷ ಒಂದೇ ಗೇಟಿನಲ್ಲಿ ಒಳಗೆ ಹೋಗಿ ಹೊರಗೆ ಬಂದ. ಅದು ಅವನ ಸ್ವಭಾವದ ಗುಣ ಮಾತ್ರವಲ್ಲ. ನಿಂತವನಿಗೆ ನಿಲ್ಲುವುದರಿಂದ ಏನೋ ಸಿಗುತ್ತಿತ್ತು. 1948ರ ಕಾಯಿದೆಯಿಂದ ಇ.ಎಸ್.ಐ. ಔಷಧ, 1952ರ ಕಾಯಿದೆಯಿಂದ ಭವಿಷ್ಯನಿಧಿ, 1965ರ ಕಾಯಿದೆಯಿಂದ ಕನಿಷ್ಠ ಬೋನಸ್, 1972ರ ಕಾಯಿದೆಯಿಂದ ಐದು ವರ್ಷ ತುಂಬಿದವನಿಗೆ ಗ್ರಾಚ್ಯುಯಿಟಿ. ಇವು ಯಾವುವೂ ಧಣಿಗಳ ಔದಾರ್ಯದಿಂದ ಬಂದವಲ್ಲ, ಹೋರಾಟದಿಂದ ಬಂದವು. ನಿಲ್ಲುವವನಿಗೆ ಲಾಭವಿತ್ತು, ಆದುದರಿಂದ ನಿಂತ.

ಇಂದಿನ ಹುಡುಗನನ್ನು ಕೇಳಿ ನೋಡಿ. ಅವನನ್ನು ಕೆಲಸಕ್ಕೆ ತೆಗೆದುಕೊಳ್ಳುವವನು ಕಾರ್ಖಾನೆಯವನಲ್ಲ, ಗುತ್ತಿಗೆದಾರ. ಹನ್ನೊಂದು ತಿಂಗಳಿಗೆ ಒಮ್ಮೆ ಹೆಸರು ತೆಗೆದು ಮತ್ತೆ ಬರೆಯುತ್ತಾರೆ. ಐದು ವರ್ಷ ತುಂಬುವ ಪ್ರಶ್ನೆಯೇ ಏಳದ ಹಾಗೆ ನೋಡಿಕೊಳ್ಳುತ್ತಾರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ, ನಿಗದಿತ ಅವಧಿಗೆ ಸೇರಿದವನಿಗೂ ಒಂದು ವರ್ಷದ ಸೇವೆಗೆ ಗ್ರಾಚ್ಯುಯಿಟಿ ಕೊಡಬೇಕೆಂದು ಬರೆದಿದೆ. ಬರೆದದ್ದು ಕೈಗೆ ಬರಬೇಕಾದರೆ ಕೇಳುವವನು ಬೇಕು. ಅದೇ ಸಂಹಿತೆಗಳು ನಿಗದಿತ ಅವಧಿಯ ನೇಮಕವನ್ನೇ ಕಾಯಂ ರೂಢಿಯನ್ನಾಗಿ ಮಾಡುವ ದಾರಿಯನ್ನೂ ತೆರೆದಿವೆ. ನಿಲ್ಲಲು ನೆಲವನ್ನೇ ಕೊಡದೆ 'ಹುಡುಗ ನಿಲ್ಲುವುದಿಲ್ಲ' ಎಂದರೆ ಹೇಗೆ?

ಈ ವಿಷಯದಲ್ಲಿ ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಘಟನೆಯನ್ನು ನೀವೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಭವಿಷ್ಯನಿಧಿಯ ನಿಯಮ ಬದಲಾಯಿಸಿತು. ಕೆಲಸ ಬಿಟ್ಟವರು ತಮ್ಮ ಪಾಲನ್ನು ಮಾತ್ರ ತೆಗೆದುಕೊಳ್ಳಬಹುದು, ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು. ಹಳೆಯ ಕಾರ್ಮಿಕನ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಅಂಥ ತಪ್ಪೇನೂ ಕಾಣದು. ಭವಿಷ್ಯನಿಧಿ ಎಂದರೆ ಮುಪ್ಪಿನ ಕಾಲದ ಹಣ, ಮುಪ್ಪಿನವರೆಗೆ ಇರಲಿ ಎನ್ನಬಹುದು. ಆದರೆ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಅದು ಹಾಗೆ ಕಾಣಲಿಲ್ಲ. ಹೊಲಿಗೆ ಯಂತ್ರದ ಮುಂದೆ 58 ವರ್ಷದವರೆಗೆ ಯಾರನ್ನು ಇಟ್ಟುಕೊಳ್ಳುತ್ತಾರೆ? ಕಣ್ಣು ಮಂದವಾದರೆ, ಬೆನ್ನು ಬಾಗಿದರೆ, ಹೆರಿಗೆಯಾದರೆ ಕೆಲಸ ಹೋಯಿತು. ಅವರ ಪಾಲಿಗೆ ಆ ಹಣ ಮುಪ್ಪಿನದಲ್ಲ. ಮಗುವಿನ ಶಾಲೆಯ ಫೀಜು, ಊರಿನ ಸಾಲ, ಮುಂದಿನ ಕೆಲಸ ಸಿಗುವವರೆಗೆ ಅಕ್ಕಿ, ಎಲ್ಲ ಅದರಲ್ಲಿಯೇ.

ಏಪ್ರಿಲ್ 18 ಮತ್ತು 19ರಂದು ಆ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಕಾರ್ಖಾನೆಗಳಿಂದ ಹೊರಗೆ ಬಂದರು. ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆಯಲ್ಲಿ ಕುಳಿತುಬಿಟ್ಟರು. ಯಾವ ದೊಡ್ಡ ಸಂಘವೂ ಕರೆ ಕೊಟ್ಟಿರಲಿಲ್ಲ, ಯಾವ ನಾಯಕನೂ ಮುಂದೆ ಇರಲಿಲ್ಲ. ಸುದ್ದಿ ಒಬ್ಬರಿಂದ ಒಬ್ಬರಿಗೆ ಹಬ್ಬಿ ನಗರವೇ ನಿಂತುಹೋಯಿತು. ಲಾಠಿ ಬಿತ್ತು, ಕಲ್ಲು ಹಾರಿತು, ಬಸ್ಸು ಸುಟ್ಟವು. 19ರಂದೇ ದಿಲ್ಲಿಯ ಸರಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ದೇಶದ ಕಾರ್ಮಿಕರೆಲ್ಲರ ಹಣವನ್ನು ಉಳಿಸಿದವರು 'ಒಂದು ಕಡೆ ನಿಲ್ಲದ', 'ಸಂಘಕ್ಕೆ ಬಾರದ' ಹೆಣ್ಣುಮಕ್ಕಳು. ನಿಲ್ಲದಿರುವುದು ಅವರ ಅಭ್ಯಾಸ. ದುಡಿದ ಹಣ ದುಡಿದವರ ಕೈಯಲ್ಲಿರಬೇಕು ಎಂಬುದು ಅವರ ಮೌಲ್ಯ. ಇದಕ್ಕಿಂತ ಹಳೆಯದಾದ, ಇದಕ್ಕಿಂತ ಒಳ್ಳೆಯದಾದ ಮೌಲ್ಯ ನಮ್ಮ ಚಳವಳಿಯಲ್ಲಿ ಯಾವುದಿದೆ?

ಫೋನು ಮತ್ತು ಗಾಡಿ

ಎರಡನೆಯ ದೂರು ಫೋನು. ಮನೆಗೆ ಊಟ, ದಿನಸಿ ತಂದುಕೊಡುವ ಹುಡುಗರನ್ನು ನೋಡಿ. ಅವರಿಗೆ ಫೋನೇ ಹಾಜರಿ ಪುಸ್ತಕ, ಫೋನೇ ಮೇಸ್ತ್ರಿ, ಫೋನೇ ಬಟವಾಡೆಯ ಚೀಟಿ, ಫೋನೇ ಸೈರನ್. ಹಳೆಯ ಜಾಬರ್ ಕೆಟ್ಟವನಾಗಿದ್ದರೂ ಮನುಷ್ಯನಾಗಿದ್ದ. ಮನೆಯಲ್ಲಿ ಕಾಯಿಲೆ ಎಂದರೆ ಕೆಲವೊಮ್ಮೆಯಾದರೂ ಕೇಳುತ್ತಿದ್ದ. ಈ ಹೊಸ ಜಾಬರಿಗೆ ಕಿವಿಯಿಲ್ಲ. ಗಿರಾಕಿ ನಕ್ಷತ್ರ ಕಡಮೆ ಕೊಟ್ಟರೆ ಹುಡುಗನಿಗೆ ಕೆಲಸ ಕಡಮೆ. ಒಂದು ಬೆಳಿಗ್ಗೆ ಫೋನು ತೆರೆದರೆ 'ನಿಮ್ಮ ಖಾತೆ ಮುಚ್ಚಿದೆ' ಎಂದಿರುತ್ತದೆ. ಯಾರನ್ನು ಕೇಳಬೇಕು, ಯಾವ ಗೇಟಿನ ಮುಂದೆ ಕೂಡಬೇಕು? ಗೇಟೇ ಇಲ್ಲ. ಊಟದ ಹೊತ್ತಿನಲ್ಲಿಯೂ ಮಗ ಫೋನು ನೋಡುತ್ತಾನೆ ಎಂದು ಬೈಯುವ ಅಪ್ಪ, ತಾನು ಸೈರನ್ ಕೂಗಿದೊಡನೆ ಅರ್ಧ ಊಟದಲ್ಲಿ ಎದ್ದು ಓಡುತ್ತಿದ್ದುದನ್ನು ನೆನೆಯಲಿ.

ಇಂಥ ಕೆಲಸ ಮಾಡುವವರು ದೇಶದಲ್ಲಿ 2020-21ರಲ್ಲಿ 77 ಲಕ್ಷ ಮಂದಿ ಇದ್ದರೆಂದೂ, 2029-30ರ ಹೊತ್ತಿಗೆ 2.35 ಕೋಟಿ ಆಗುವರೆಂದೂ ನೀತಿ ಆಯೋಗ 2022ರಲ್ಲಿ ಅಂದಾಜು ಮಾಡಿತು. ಇದು ಇಂದು ನಾಳೆ ಹೋಗುವ ಶೋಕಿಯ ಕೆಲಸವಲ್ಲ.

ಮೂರನೆಯದು ಖರ್ಚು. 'ಕಂತಿನ ಮೇಲೆ ಗಾಡಿ ತೆಗೆದುಕೊಂಡ, ನಾವು ಸೈಕಲ್ಲಿನಲ್ಲಿಯೇ ಜೀವನ ಕಳೆದೆವು' ಎನ್ನುತ್ತೀರಿ. ಲೆಕ್ಕ ಹಾಕೋಣ. ಮಿಲ್ಲಿನಲ್ಲಿ ಯಂತ್ರ ಯಾರದು? ಮಾಲೀಕನದು. ಅದಕ್ಕೆ ಹಾಕುವ ಎಣ್ಣೆ? ಮಾಲೀಕನದು. ಕೆಟ್ಟರೆ ರಿಪೇರಿ? ಅದೂ ಮಾಲೀಕನದು. ಈ ಹುಡುಗನ ಕೆಲಸದಲ್ಲಿ ಗಾಡಿ ಹುಡುಗನದು, ಪೆಟ್ರೋಲು ಹುಡುಗನದು, ಫೋನು ಹುಡುಗನದು, ಮಳೆಯಲ್ಲಿ ಜಾರಿ ಬಿದ್ದರೆ ಮುರಿಯುವ ಕಾಲೂ ಹುಡುಗನದೇ. ಬಂಡವಾಳಗಾರ ತನ್ನ ಯಂತ್ರದ ಖರ್ಚನ್ನೂ ಕೂಲಿಕಾರನ ತಲೆಗೆ ಕಟ್ಟಿದ್ದಾನೆ. ಅವನನ್ನು 'ಕಾರ್ಮಿಕ' ಎಂದು ಕರೆಯುವುದಿಲ್ಲ, 'ಪಾಲುದಾರ' ಎನ್ನುತ್ತಾನೆ. ಲಾಭದಲ್ಲಿ ಪಾಲಿಲ್ಲ, ನಷ್ಟದಲ್ಲಿ ಮಾತ್ರ ಪಾಲು. ಇದನ್ನು ಹುಡುಗನಿಗೆ ಬಿಡಿಸಿ ಹೇಳಬೇಕಾದವರು ನೀವು. ಏಕೆಂದರೆ ಯಂತ್ರ ಯಾರದು, ಕೂಲಿ ಯಾರದು ಎಂಬ ಪಾಠವನ್ನು ಕಲಿತವರು ನೀವು. ಆದರೆ 'ಗಾಡಿ ಏಕೆ ತೆಗೆದುಕೊಂಡೆ' ಎಂದು ಬೈದರೆ ಆ ಪಾಠಕ್ಕೆ ಅವನು ಕಿವಿ ಕೊಡುವುದಿಲ್ಲ.

ಎಲ್ಲ ಖರ್ಚೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಬೆಲೆಬಾಳುವ ಬೂಟು, ಹುಟ್ಟುಹಬ್ಬಕ್ಕೆ ಗೆಳೆಯರಿಗೆಲ್ಲ ಹೋಟೆಲು, ಇವೂ ಇವೆ. ಆದರೆ ನಿಮ್ಮ ಕಾಲದಲ್ಲಿ ಚೀಟಿ ಹಾಕಿ, ಬೋನಸ್ ಕೂಡಿಸಿ, ಒಂದು ಸಣ್ಣ ಸೈಟು ಮಾಡುವ ಆಸೆಗೆ ಅರ್ಥವಿತ್ತು. ಇಂದು ಹುಡುಗ ಸೈಟಿನ ಬೆಲೆ ಕೇಳುತ್ತಾನೆ, ತನ್ನ ಸಂಬಳ ನೋಡುತ್ತಾನೆ, ನಕ್ಕು ಸುಮ್ಮನಾಗುತ್ತಾನೆ. ದೊಡ್ಡದು ಕೈಗೆ ಸಿಕ್ಕದೆಂದು ಗೊತ್ತಾದವನು ಸಣ್ಣದನ್ನು ಕೊಳ್ಳುತ್ತಾನೆ. ಅದು ದುಂದು ಎನ್ನುವುದಕ್ಕಿಂತ ನಿರಾಶೆ ಎನ್ನುವುದು ಸರಿ. ನಿರಾಶೆಗೆ ಬೈಗುಳ ಮದ್ದಲ್ಲ.

ಅಂಗಡಿಯೊಳಗಿನ ಜಗಳ

ಈಗ ವ್ಯಾಪಾರಸ್ಥ ಬಂಧುಗಳ ಕಡೆಗೆ ಬರೋಣ. ನಿಮ್ಮ ಮನೆಯ ಜಗಳ ಗಲ್ಲಾಪೆಟ್ಟಿಗೆಯ ಮುಂದೆ ನಡೆಯುತ್ತದೆ. ಅಪ್ಪನಿಗೆ ನಗದು ಬೇಕು, ಉದ್ರಿಯ ಪುಸ್ತಕ ಬೇಕು. ಮಗ ಗೋಡೆಗೆ ಚೌಕದ ಚಿತ್ರ ಅಂಟಿಸಿ 'ಸ್ಕ್ಯಾನ್ ಮಾಡಿ' ಎನ್ನುತ್ತಾನೆ. 2016ರ ನವೆಂಬರ್ 8ರ ರಾತ್ರಿ ದೊಡ್ಡ ನೋಟುಗಳನ್ನು ರದ್ದುಮಾಡಿದ ಮೇಲೆ ಫೋನಿನ ಹಣ ಸಂತೆಯ ಸೊಪ್ಪಿನವಳವರೆಗೆ ಬಂದಿತು. ಚಿಲ್ಲರೆಯ ರಗಳೆ ತಪ್ಪಿತು, ಖೋಟಾ ನೋಟಿನ ಹೆದರಿಕೆ ತಪ್ಪಿತು, ಲೆಕ್ಕ ತಾನಾಗಿಯೇ ಉಳಿಯಿತು. ಮಗನ ಮಾತೇ ಸರಿ ಎನಿಸಿತು.

2025ರ ಜುಲೈನಲ್ಲಿ ಏನಾಯಿತು? ಅದೇ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ, ಹಾಲು ಮಾರುವವರಿಗೆ ನೋಟೀಸು ಕಳಿಸಿತು. ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿದ ಸರಕಿನ ವ್ಯಾಪಾರಕ್ಕೆ, 20 ಲಕ್ಷ ಮೀರಿದ ಸೇವೆಗೆ ನೋಂದಣಿ ಬೇಕೆಂಬುದು ನಿಯಮ. ಹಿಂದಿನ ವರ್ಷಗಳದ್ದನ್ನೆಲ್ಲ ಕೂಡಿಸಿ ಲಕ್ಷಗಟ್ಟಲೆ ಕೇಳಿದರು. ತೆರಿಗೆಯೇ ಇಲ್ಲದ ಹಾಲು, ತರಕಾರಿಯ ಹಣವೂ, ಅಣ್ಣತಮ್ಮಂದಿರು ಕೈಗಡ ಕಳಿಸಿದ ಹಣವೂ ಒಂದೇ ಖಾತೆಯಲ್ಲಿ ಸೇರಿತ್ತು. ಅಂಗಡಿಗಳಲ್ಲಿ 'ನಗದು ಮಾತ್ರ' ಎಂಬ ಬೋರ್ಡು ಬಂದವು. ಅಪ್ಪ ಮಗನ ಮುಖ ನೋಡಿ 'ನಾನು ಹೇಳಿರಲಿಲ್ಲವೇ' ಎಂದ. ವ್ಯಾಪಾರಿಗಳು ಬಂದ್ ಘೋಷಿಸಿದ ಮೇಲೆ, ಜುಲೈ 23ರಂದು ಮುಖ್ಯಮಂತ್ರಿಗಳು ಅವರೊಡನೆ ಸಭೆ ನಡೆಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ನೋಂದಣಿಗೆ ಒಳಪಡಬೇಕಾದವರು ನೋಂದಣಿ ಮಾಡಿಸಬೇಕು ಎಂದರು.

ಇದರಲ್ಲಿ ಗೆದ್ದವರು ಯಾರು? ಅಪ್ಪನ ಹೆದರಿಕೆ ಸುಳ್ಳಾಗಿರಲಿಲ್ಲ. ಸರಕಾರದ ಕಣ್ಣು ಮೊದಲು ಬೀಳುವುದು ಸಣ್ಣವನ ಮೇಲೆ ಎಂಬುದು ಅವನು ಅನುಭವದಿಂದ ಕಲಿತದ್ದು. ಮಗನ ಪದ್ಧತಿಯೂ ತಪ್ಪಾಗಿರಲಿಲ್ಲ. ಹಾಲಿನ ಹಣ ಯಾವುದು, ಸಿಗರೇಟಿನ ಹಣ ಯಾವುದು, ಕೈಗಡ ಯಾವುದು ಎಂದು ಬೇರೆಬೇರೆ ಬರೆದಿಟ್ಟ ಲೆಕ್ಕವಿದ್ದರೆ ಅಧಿಕಾರಿಯ ಮುಂದೆ ಧೈರ್ಯವಾಗಿ ನಿಲ್ಲಬಹುದು. ಹೆದರಿಕೆಗೆ ಲೆಕ್ಕ ಸೇರಬೇಕು, ಲೆಕ್ಕಕ್ಕೆ ಅನುಭವ ಸೇರಬೇಕು. ಅಪ್ಪ ಮಗ ಬೇರೆಬೇರೆಯಾಗಿ ನಿಂತಿದ್ದರೆ ಇಬ್ಬರನ್ನೂ ನೋಟೀಸು ನುಂಗುತ್ತಿತ್ತು. ವ್ಯಾಪಾರಿಗಳೆಲ್ಲ ಒಟ್ಟಾದುದರಿಂದ ಅದು ನಿಂತಿತು.

ಇನ್ನೊಂದು ಮಾತು. ಅಂಗಡಿಯಲ್ಲಿ ಕೂಡುವ ಮಗನಿಗೆ ಸಂಬಳ ಕೊಡುವವರು ಇಲ್ಲಿ ಎಷ್ಟು ಜನ ಇದ್ದೀರಿ? 'ಎಲ್ಲ ಅವನದೇ ಅಲ್ಲವೇ' ಎನ್ನುತ್ತೀರಿ. ಎಲ್ಲ ಅವನದಾಗುವುದು ಯಾವಾಗ? ಇಪ್ಪತ್ತೈದು ವರ್ಷದ ಗಂಡಸು ಸಿನಿಮಾಕ್ಕೆ ಹೋಗಲು ಗಲ್ಲಾದಿಂದ ಕೇಳಿ ತೆಗೆದುಕೊಳ್ಳಬೇಕು. ಅವನು ಅಂಗಡಿ ಬಿಟ್ಟು ಬೆಂಗಳೂರಿಗೆ ಹೋಗಿ ಇನ್ನೊಬ್ಬರ ಸರಕು ಹೊರುತ್ತಾನಾದರೆ ಅದು ಅಂಗಡಿಯ ಮೇಲಿನ ದ್ವೇಷವಲ್ಲ, ಹೆಸರಿಗೊಂದು ಕೂಲಿ ಬೇಕೆಂಬ ಆಸೆ. ಮಿಲ್ಲಿನ ಮಾಲೀಕ ಕೂಲಿ ಕೊಡದಿದ್ದರೆ ಶೋಷಣೆ ಎನ್ನುವ ನಾವು ಮನೆಯೊಳಗಿನ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಂಘಕ್ಕೆ ಬರುವುದಿಲ್ಲವೇಕೆ?

ನಾಲ್ಕನೆಯ ದೂರು ನಮ್ಮ ಪಾಲಿಗೆ ಎಲ್ಲಕ್ಕಿಂತ ದೊಡ್ಡದು. ಈ ಸಭೆಯಲ್ಲಿ ಮೂವತ್ತರ ಒಳಗಿನವರನ್ನು ಎಣಿಸಿ ನೋಡಿ, ಒಂದು ಕೈಯ ಬೆರಳು ಸಾಕು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ಈ ಊರಿನ ಹತ್ತಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಮಿಲ್ಲು ಹೋದ ಮೇಲೆ ಸಂಘದ ನೆನಪು ಮುದುಕರಲ್ಲಿ ಮಾತ್ರ ಉಳಿಯಿತು. ಆ ನೆನಪು ಇವರ ಜೊತೆಗೆ ಮಣ್ಣಾದರೆ ಎಂಟು ಗಂಟೆಯ ಕೆಲಸವನ್ನು ಗಳಿಸಿದ ದಾರಿಯನ್ನೂ ಮುಂದಿನವರು ಮೊದಲಿನಿಂದ ಕಲಿಯಬೇಕಾಗುತ್ತದೆ. ಆ ಎಂಟು ಗಂಟೆಯೂ ಭದ್ರವಾಗಿಲ್ಲ. 2023ರಲ್ಲಿ ನಮ್ಮ ವಿಧಾನಮಂಡಲವೇ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿ ಇಟ್ಟು, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿಕೊಟ್ಟಿತು.

ಹೀಗಿರುವಾಗ ಹುಡುಗರು ಏಕೆ ಬರುವುದಿಲ್ಲ? ನಾವು ಕೇಳಿದ್ದೇವೆ. ಅವರು ಕೊಡುವ ಉತ್ತರ ಮೂರು. ಒಂದು, 'ಸಭೆ ಸಂಜೆ ಏಳಕ್ಕೆ ಕರೆಯುತ್ತೀರಿ, ನಮ್ಮ ಕೆಲಸ ಹೆಚ್ಚಾಗುವುದೇ ಆಗ.' ಎರಡು, 'ಬಂದರೆ ಕುರ್ಚಿ ಹಾಕಲು ಹೇಳುತ್ತೀರಿ, ಮಾತನಾಡಲು ಹೇಳುವುದಿಲ್ಲ.' ಮೂರು, 'ನಮ್ಮನ್ನು ಏನೋ, ಎಲ್ಲೋ ಎನ್ನುತ್ತೀರಿ.' ಈ ಮೂರನೆಯದು ಸಣ್ಣ ಮಾತಲ್ಲ. ಇಂದಿನ ಹುಡುಗ ಸೂಪರ್‌ವೈಸರ್ ಏಕವಚನದಲ್ಲಿ ಬೈದರೆ ಆ ಹೊತ್ತೇ ಕೆಲಸ ಬಿಟ್ಟು ಹೊರಡುತ್ತಾನೆ. 'ನಾವು ಬೈಸಿಕೊಂಡು ದುಡಿಯಲಿಲ್ಲವೇ' ಎಂದು ಹಿರಿಯರು ಕೇಳುತ್ತಾರೆ. ದುಡಿದಿರಿ, ಆದರೆ ಮನಸ್ಸಿನೊಳಗೆ ಕುದಿದಿರಿ. ಆ ಕುದಿತದಿಂದಲೇ ಸಂಘ ಕಟ್ಟಿದಿರಿ. ಬೈಸಿಕೊಳ್ಳದೆ ದುಡಿಯುವ ಮಕ್ಕಳು ಬರಲಿ ಎಂದೇ ಅಲ್ಲವೇ ಅದೆಲ್ಲ? ಬಂದಿದ್ದಾರೆ. ಅವರನ್ನು ಗುರುತಿಸಿರಿ.

ದಾರಿ ಕಾಣದ ಸಿಟ್ಟು ಏನು ಮಾಡುತ್ತದೆಂಬುದನ್ನೂ ನೋಡಿದ್ದೇವೆ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ಫೋನು ಕಾರ್ಖಾನೆಯಲ್ಲಿ ಗುತ್ತಿಗೆಯ ತರುಣ ಕಾರ್ಮಿಕರು, ಹೇಳಿದಷ್ಟು ಸಂಬಳ ಬರಲಿಲ್ಲವೆಂದು ಸಿಡಿದೆದ್ದರು. ಗಾಜು ಒಡೆದವು, ಗಾಡಿ ಸುಟ್ಟವು, ನೂರಾರು ಹುಡುಗರು ಜೈಲು ಕಂಡರು. ಸಂಬಳದ ಲೆಕ್ಕದಲ್ಲಿ ತಪ್ಪಿತ್ತೆಂಬುದು ತರುವಾಯದ ತನಿಖೆಯಲ್ಲಿ ಹೊರಬಿತ್ತು. ಬೇಡಿಕೆ ನ್ಯಾಯವಾದದ್ದು. ಅದನ್ನು ಮೇಜಿನ ಮೇಲೆ ಇಟ್ಟು ಮಾತನಾಡುವ ಸಂಘ ಅಲ್ಲಿ ಇರಲಿಲ್ಲ. ನ್ಯಾಯವಿದ್ದೂ ಜೈಲಿಗೆ ಹೋದವರು ನಮ್ಮ ಮಕ್ಕಳ ವಯಸ್ಸಿನವರು.

ಇನ್ನೊಂದು ಬಗೆಯ ಉದಾಹರಣೆಯೂ ಉಂಟು. ಗಾಡಿ ಓಡಿಸುವ ಹುಡುಗರು, ಟ್ಯಾಕ್ಸಿಯವರು ತಮ್ಮದೇ ಸಂಘಗಳನ್ನು ಕಟ್ಟಿ, ಫೋನಿನಲ್ಲಿಯೇ ಒಟ್ಟಾಗಿ, ಬೀದಿಗೂ ಇಳಿದು ಕೇಳಿದುದರಿಂದ 2025ರಲ್ಲಿ ಕರ್ನಾಟಕದಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯಿದೆ ಬಂದಿತು. ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಮೇಲೆ ವಿಧಾನಮಂಡಲದ ಒಪ್ಪಿಗೆ. ಅವರಿಗಾಗಿ ಒಂದು ಕಲ್ಯಾಣ ಮಂಡಳಿ, ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಕಂಪನಿಯಿಂದ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕಾರಣ ಹೇಳದೆ ತೆಗೆದುಹಾಕುವಂತಿಲ್ಲವೆಂಬ ಕಟ್ಟು. ಸಂಘ ಎಂಬ ಪದಕ್ಕೆ ಮೂಗು ಮುರಿದವರು ಸಂಘದ ಕೆಲಸವನ್ನೇ ಮಾಡಿದ್ದಾರೆ.

ತರುಣರಿಗೆ ಏನು ಗೊತ್ತು ಎನ್ನುವವರಿಗೆ ಚರಿತ್ರೆಯನ್ನು ನೆನಪು ಮಾಡಬೇಕು. 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದ ಮೈಲಾರ ಮಹಾದೇವರಿಗೆ ಇಪ್ಪತ್ತು ವರ್ಷ ತುಂಬಿರಲಿಲ್ಲ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಬೆನ್ನಿಗೆ ನಿಂತು, 1952ರಲ್ಲಿ ವಿಧಾನಸಭೆಗೆ ಹೋದ ಶಾಂತವೇರಿ ಗೋಪಾಲಗೌಡರಿಗೆ ಆಗ 29 ವರ್ಷ. ಧಣಿಯ ಕೊಳಗ ದೊಡ್ಡದು, ಅಳತೆ ಸರಿಯಲ್ಲ ಎಂದು ಕೇಳಿದುದಕ್ಕೆ ಆ ಕಾಲದ ಎಷ್ಟೋ ಹಿರಿಯರು ಗೇಣಿದಾರ ಹುಡುಗರನ್ನು 'ಅಧಿಕಪ್ರಸಂಗಿಗಳು' ಎಂದಿರಬೇಕು. 1989ರಿಂದ ನಮ್ಮ ದೇಶದಲ್ಲಿ 18 ವರ್ಷಕ್ಕೆ ಮತದ ಹಕ್ಕಿದೆ. ಸರಕಾರವನ್ನು ಆರಿಸಬಲ್ಲವನು ಸಂಘದ ಸಮಿತಿಯಲ್ಲಿ ಕೂಡಲಾರನೇ?

ಹೆಣ್ಣುಮಕ್ಕಳ ಮಾತು

ಐದನೆಯದು ಮಗಳ ಮದುವೆ. ಇದನ್ನು ನಗೆಯಾಡುತ್ತಾ ಹೇಳುತ್ತೀರಿ, ಆದರೆ ಮನೆಯಲ್ಲಿ ನಗೆ ಇರುವುದಿಲ್ಲ. ನಿಮ್ಮ ಮಗಳು ಓದಿದ್ದಾಳೆ, ಬಸ್ಸಿನಲ್ಲಿ ಊರು ದಾಟಿ ಕೆಲಸಕ್ಕೆ ಹೋಗುತ್ತಾಳೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಬಸ್ಸಿನ ಚಾರ್ಜಿನ ನೆಪ ಹೇಳಿ ಅವಳನ್ನು ಮನೆಯಲ್ಲಿ ಕೂರಿಸುವುದೂ ಕಷ್ಟವಾಯಿತು. ತಾನು ದುಡಿದ ಹಣ ತನ್ನ ಹೆಸರಿನ ಖಾತೆಗೆ ಬರುವುದನ್ನು ಅವಳು ನೋಡಿದ್ದಾಳೆ. ಅಮ್ಮನಿಗೆ ಆ ಸುಖ ಗೊತ್ತಿರಲಿಲ್ಲ. ಈಗ ನೀವು ಗಂಡು ತೋರಿಸುತ್ತೀರಿ. ಅವಳು ಕೇಳುವುದು ಎರಡೇ ಪ್ರಶ್ನೆ: 'ಮದುವೆಯಾದ ಮೇಲೆ ಕೆಲಸಕ್ಕೆ ಬಿಡುತ್ತಾರೆಯೇ? ವರದಕ್ಷಿಣೆಗೆ ಎಷ್ಟು ಸಾಲ ಮಾಡುತ್ತೀರಿ?' ಇದಕ್ಕೆ ಉತ್ತರ ಹೇಳದೆ 'ಎದುರು ಮಾತಾಡುತ್ತಾಳೆ' ಎನ್ನುವುದು ನ್ಯಾಯವಲ್ಲ. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲಿಯೇ ಬಂದಿದೆ. ಅರವತ್ತು ವರ್ಷಕ್ಕೂ ಮೇಲೆ ಕಾಗದದಲ್ಲಿದ್ದ ಮಾತನ್ನು ಅವಳು ಅಡುಗೆಮನೆಯಲ್ಲಿ ನಿಂತು ಹೇಳುತ್ತಿದ್ದಾಳೆ. ಬೇರೆ ಜಾತಿಯ ಹುಡುಗನನ್ನು ಮೆಚ್ಚಿದಳೆಂದರೆ ಮನೆ ಹೊತ್ತಿ ಉರಿಯುತ್ತದೆ. ವೇದಿಕೆಯ ಮೇಲೆ ಜಾತಿ ಹೋಗಲಿ ಎಂದು ಕೂಗಿದವರು ಮನೆಯ ಹೊಸ್ತಿಲಲ್ಲಿ ಏನನ್ನುತ್ತೀರಿ ಎಂದು ಮಕ್ಕಳು ನೋಡುತ್ತಿರುತ್ತಾರೆ.

ಬೈಯಬೇಕಾದದ್ದನ್ನು ಬೈಯೋಣ

ಅರ್ಥ ಮಾಡಿಕೊಳ್ಳುವುದೆಂದರೆ ಹೊಗಳುವುದಲ್ಲ. ಹೊಸ ಪೀಳಿಗೆಯಲ್ಲಿ ಹಾಳು ಮಾಡುವ ಸಂಗತಿಗಳೂ ಇವೆ. ಫೋನಿನಲ್ಲಿ ಹಣವಿಟ್ಟು ಆಡುವ ಜೂಜು ಎಷ್ಟು ಮನೆ ಮುರಿದಿದೆಯೆಂಬುದು ನಿಮಗೆ ಗೊತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಅದನ್ನು ನಿಷೇಧಿಸುವ ಕಾಯಿದೆ ಮಾಡಿತು. ಆದರೂ ಕಳ್ಳದಾರಿಗಳು ಇದ್ದೇ ಇರುತ್ತವೆ. ಐದು ನಿಮಿಷದಲ್ಲಿ ಸಾಲ ಕೊಟ್ಟು, ಕಟ್ಟದಿದ್ದರೆ ಗೆಳೆಯರಿಗೆಲ್ಲ ಫೋನು ಮಾಡಿ ಮಾನ ಕಳೆಯುವ ಸಾಲದ ಆಪ್‌ಗಳು ಇವೆ. ಇವು ಹಳೆಯ ಮೀಟರ್ ಬಡ್ಡಿಯ ಅಣ್ಣತಮ್ಮಂದಿರು. ಜಾತಿಜಾತಿಗೆ, ಧರ್ಮಧರ್ಮಕ್ಕೆ ಬೆಂಕಿ ಹಚ್ಚುವ ಸುಳ್ಳು ಸುದ್ದಿಯನ್ನು ಓದದೆಯೇ ಮುಂದಕ್ಕೆ ಕಳಿಸುವ ಬೆರಳುಗಳಿವೆ. ಈ ಕಡೆಯದರಲ್ಲಿ ಹುಡುಗರಷ್ಟೇ ಅಲ್ಲ, ಹಿರಿಯರ ಬೆರಳೂ ಹಿಂದೆ ಬಿದ್ದಿಲ್ಲ.

ಇವುಗಳನ್ನು ಬೈಯಲೇಬೇಕು. ಆದರೆ ಬೈಯುವ ಮಾತಿಗೆ ಬೆಲೆ ಬರುವುದು ಬೈಯುವವನು ಉಳಿದ ದಿನಗಳಲ್ಲಿ ಕೇಳುವವನೂ ಆಗಿದ್ದರೆ. ಮೇಷ್ಟ್ರ ಕೆಲಸದಲ್ಲಿ ನಾವು ಕಂಡ ಒಂದು ಸತ್ಯ ಇದು: ಹುಡುಗನ ಕೂದಲಿಗೂ ಕೂಗಿ, ಅಂಗಿಗೂ ಕೂಗಿ, ನಗುವಿಗೂ ಕೂಗುವ ಮೇಷ್ಟ್ರು, ಅವನು ಬೀಡಿ ಸೇದಿದಾಗ ಕೂಗಿದರೆ ಹುಡುಗನಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಹತ್ತು ಸಣ್ಣದನ್ನು ಬಿಟ್ಟವನ ಒಂದು ದೊಡ್ಡ ಮಾತನ್ನು ಹುಡುಗರು ಕೇಳುತ್ತಾರೆ.

ಈಗ ಮಾಡಬೇಕಾದದ್ದು

ಸಂಗಾತಿಗಳೇ, ಕೇಳಿ ಮನೆಗೆ ಹೋದರೆ ಈ ಸಭೆಗೆ ಅರ್ಥವಿಲ್ಲ. ನಮ್ಮ ಕೈಯಿಂದ ಆಗುವ ಕೆಲವು ಕೆಲಸಗಳನ್ನು ಹೇಳಿ ಮುಗಿಸುತ್ತೇವೆ.

ಮೊದಲನೆಯದು, ಮನೆಯಲ್ಲಿ ಕೇಳುವ ಪ್ರಶ್ನೆಯನ್ನು ಬದಲಾಯಿಸೋಣ. 'ಏಕೆ ತಡವಾಯಿತು' ಎಂಬುದರ ಬದಲು 'ಇವತ್ತು ಎಷ್ಟು ಗಂಟೆ ದುಡಿದೆ, ಪೆಟ್ರೋಲು ಕಳೆದು ಎಷ್ಟು ಉಳಿಯಿತು' ಎಂದು ಕೇಳಿರಿ. ಹದಿನೈದು ದಿನ ಕೇಳಿದರೆ ನಿಮಗೂ ಅವನಿಗೂ ಒಂದು ಸತ್ಯ ಗೊತ್ತಾಗುತ್ತದೆ. ಗಂಟೆಗೆ ಬೀಳುವ ಕೂಲಿ ಎಷ್ಟು ಎಂಬ ಲೆಕ್ಕವೇ ಎಲ್ಲ ಸಂಘದ ಮೊದಲ ಪಾಠ.

ಎರಡನೆಯದು, ಕೊಡುಕೊಳ್ಳುವಿಕೆ. ಸಂಬಳದ ಚೀಟಿಯಲ್ಲಿ ಭವಿಷ್ಯನಿಧಿ ಎಷ್ಟು ಹಿಡಿದಿದ್ದಾರೆ, ಇ.ಎಸ್.ಐ. ಎಷ್ಟು ಎಂದು ಓದುವುದನ್ನು ಹಿರಿಯರು ಹುಡುಗರಿಗೆ ಕಲಿಸಿರಿ. ಆ ಹಣ ನಿಜವಾಗಿ ಕಟ್ಟಿದ್ದಾರೆಯೇ ಎಂದು ಫೋನಿನಲ್ಲಿ ನೋಡುವುದನ್ನು ಹುಡುಗರು ಹಿರಿಯರಿಗೆ ಕಲಿಸಲಿ. ಒಬ್ಬರಿಗೆ ಹಕ್ಕು ಗೊತ್ತು, ಇನ್ನೊಬ್ಬರಿಗೆ ಯಂತ್ರ ಗೊತ್ತು.

ಮೂರನೆಯದು, ಅಂಗಡಿಯ ಮಗನಿಗೆ ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿ ಕೊಡಿ. ಲೆಕ್ಕದ ಜವಾಬ್ದಾರಿಯನ್ನೂ ಕೊಡಿ.

ನಾಲ್ಕನೆಯದು, ಸಂಘದ ಲೆಕ್ಕಪತ್ರ ತಿಂಗಳಿಗೊಮ್ಮೆ ಗೋಡೆಯ ಮೇಲೆ ಅಂಟಿಸುವುದಾಗಲಿ. ಈ ಮಕ್ಕಳಿಗೆ ಹಣ ಎಲ್ಲಿ ಹೋಯಿತೆಂದು ಒತ್ತಿ ನೋಡುವ ಅಭ್ಯಾಸವಿದೆ. ಅದು ಒಳ್ಳೆಯ ಅಭ್ಯಾಸ.

ಐದನೆಯದು ಸಭೆಯ ಹೊತ್ತು. ಮಧ್ಯಾಹ್ನದ ಊಟದ ಓಟ ಮುಗಿದು ರಾತ್ರಿಯ ಊಟದ ಓಟ ಆರಂಭವಾಗುವ ನಡುವೆ, ಮೂರೂವರೆಯಿಂದ ಐದರವರೆಗೆ ಆ ಹುಡುಗರು ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕುಳಿತಿರುತ್ತಾರೆ. ಮುಂದಿನ ಕೂಟವನ್ನು ಆ ಹೊತ್ತಿಗೇ ಕರೆಯೋಣ. ಬರುವ ಪ್ರತಿಯೊಬ್ಬ ಹಿರಿಯರೂ ಮನೆಯ ಅಥವಾ ಓಣಿಯ ಒಬ್ಬ ತರುಣನನ್ನೋ ತರುಣಿಯನ್ನೋ ಜೊತೆಗೆ ಕರೆತನ್ನಿ. ಅವರು ಬಂದಾಗ 'ಬಾರೋ' ಎನ್ನದೆ 'ಬನ್ನಿ' ಎನ್ನಿರಿ. ಅಂದು ಭಾಷಣ ಮಾಡುವವರು ಅವರು. ವಿಷಯವೂ ಅವರದೇ. ನಾವು ನೀವು ಎದುರು ಸಾಲಿನಲ್ಲಿ ಕುಳಿತು, ನಡುವೆ ಬಾಯಿ ಹಾಕದೆ ಪೂರ್ತಿ ಕೇಳೋಣ. ಅವರು ನಮ್ಮ ಮೇಲೆ ದೂರು ಹೇಳಿದರೆ ಅದನ್ನೂ ಬರೆದುಕೊಳ್ಳೋಣ.

ನೀವು ಕಟ್ಟಿದ ಸಂಘದ ಬಾವುಟವನ್ನು ಇವರ ಕೈಗೆ ಕೊಡದೆ ನಿಮಗೆ ಬೇರೆ ವಾರಸುದಾರರಿಲ್ಲ. ಅವರು ಅದನ್ನು ನೀವು ಹಿಡಿದ ಹಾಗೆಯೇ ಹಿಡಿಯಲಾರರು. ಹಿಡಿದರೆ ಸಾಕು.